ಓಡುವ ಪಿಕಪ್ ನಡುಗುವುದೇಕೆ?



ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪು, ಹೆಗ್ಗಡದೇವನಕೋಟೆಯ ಶುಂಠಿ, ಬಾಳೆ, ಕೃಷ್ಣರಾಜನಗರದ ಭತ್ತ ಇವೆಲ್ಲವನ್ನೂ ಹೊಲದಿಂದ ಮಾರುಕಟ್ಟೆಗೆ ಮುಟ್ಟಿಸುವುದರಲ್ಲಿ ಪಿಕಪ್ ಗಾಡಿಗಳ ಪಾತ್ರ ದೊಡ್ಡದು. ಊರೊಳಗೆ ಸುಮ್ಮನೆ ಸಾಗುವ ಇಂಥ ಗಾಡಿ, ಮೈಸೂರು ರಸ್ತೆಯಲ್ಲಿ ಗಂಟೆಗೆ 60-70 ಕಿ.ಮೀ. ವೇಗ ಮುಟ್ಟಿದೊಡನೆ ಗಡಗಡ ನಡುಗುವುದುಂಟು. ಕಾರಣವೇನು? ಪತ್ತೆ ಹೇಗೆ?

ಒಂದು ಸಣ್ಣ ಲೆಕ್ಕ ಮಾಡೋಣ. ಚಕ್ರದ ವ್ಯಾಸ 70 ಸೆಂ.ಮೀ. ಎಂದರೆ ಸುತ್ತಳತೆ ಸುಮಾರು 2.2 ಮೀಟರ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 10 ಸುತ್ತು ತಿರುಗುತ್ತದೆ. ಗದ್ದೆಯ ಕೆಸರು ರಿಮ್ಮಿನ ಒಳಬದಿಗೆ ಮೆತ್ತಿ ಒಣಗಿ, ಕೇಂದ್ರದಿಂದ 19 ಸೆಂ.ಮೀ. ದೂರದಲ್ಲಿ ಒಂದೇ ಕಡೆ 50 ಗ್ರಾಂ ಹೆಚ್ಚಾಯಿತೆನ್ನಿ. ಆ 50 ಗ್ರಾಂ, ಸುಮಾರು 4 ಕಿಲೋ ಭಾರದಷ್ಟು ಬಲದಿಂದ ಚಕ್ರವನ್ನು ಸುತ್ತಸುತ್ತಲೂ ಎಳೆದಾಡುತ್ತದೆ. 40 ಕಿ.ಮೀ. ವೇಗದಲ್ಲಾದರೆ ಈ ಬಲ 1 ಕಿಲೋ ಭಾರದಷ್ಟೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು!

ಇನ್ನೊಂದು ವಿಷಯವಿದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಜೀಕು ಏರುತ್ತದಲ್ಲವೆ? ಹಾಗೆಯೇ ಚಕ್ರದ ಎಳೆತ ಗಾಡಿಯ ಸಹಜ ಕಂಪನದ ಲಯಕ್ಕೆ ಕೂಡಿದಾಗ ನಡುಕ ಹೆಚ್ಚುತ್ತದೆ. ಇದೇ ಅನುರಣನೆ. ಆ ವೇಗ ದಾಟಿದರೆ ನಡುಕ ತಗ್ಗಬಹುದು. ದೋಷ ಹೋಯಿತೆಂದು ಅರ್ಥವಲ್ಲ.

ಈಗ ಪತ್ತೆಯ ಕೆಲಸ. ಗಾಡಿ ಓಡಿಸುವವರ ಪಕ್ಕದಲ್ಲಿ ಕುಳಿತು, ನಡುಕ ಯಾವ ವೇಗದಲ್ಲಿ, ಎಲ್ಲಿ ಬರುತ್ತದೆಂದು ಬರೆದುಕೊಳ್ಳಿ. ಸ್ಟೀರಿಂಗ್ ಅದುರಿದರೆ ಸಾಮಾನ್ಯವಾಗಿ ಮುಂದಿನ ಚಕ್ರ. ಸೀಟು, ನೆಲ ಅದುರಿದರೆ ಹಿಂದಿನ ಚಕ್ರ ಅಥವಾ ಪ್ರೊಪೆಲ್ಲರ್ ಶಾಫ್ಟ್. ಬ್ರೇಕ್ ಒತ್ತಿದಾಗ ಮಾತ್ರವಾದರೆ ಬ್ರೇಕಿನ ಡಿಸ್ಕ್ ಅಥವಾ ಡ್ರಮ್ ನೋಡಬೇಕು. ನಿಂತಲ್ಲೇ ಎಂಜಿನ್ ವೇಗ ಏರಿಸಿದಾಗಲೂ ನಡುಗಿದರೆ, ಎಂಜಿನ್ ಅಥವಾ ಅದನ್ನು ಕೂರಿಸಿದ ರಬ್ಬರುಗಳು ಕಾರಣವಿರಬಹುದು.

ಮೊದಲು ಖರ್ಚಿಲ್ಲದ ಪರೀಕ್ಷೆಗಳು: ಚಕ್ರದ ನಟ್ಟುಗಳು ಬಿಗಿಯಾಗಿವೆಯೆ? ಟೈರಿನಲ್ಲಿ ಉಬ್ಬು ಇದೆಯೆ? ಗಾಳಿ ಸರಿಯಿದೆಯೆ? ರಿಮ್ಮಿನ ಕೆಸರು ತೊಳೆಯಿರಿ. ಹೋಗದಿದ್ದರೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸಬೇಕು. ಯಂತ್ರದಲ್ಲಿ ಚಕ್ರ ತಿರುಗಿಸಿ, ಹಗುರವಾದ ಕಡೆ ಪುಟ್ಟ ಲೋಹದ ತೂಕ ಕೂರಿಸುತ್ತಾರೆ.

ಆಮೇಲೂ ಉಳಿದರೆ ಶಾಫ್ಟಿನ ಜಾಯಿಂಟುಗಳನ್ನು, ಅಂದರೆ ಕ್ರಾಸ್‌ಗಳನ್ನು ನೋಡಿಸಿ. ಸ್ಪ್ರಿಂಗಿನ ನಿಯಮದಿಂದ ನಿಮಗೆ ಪರಿಚಿತನಾದ ರಾಬರ್ಟ್ ಹುಕ್ 17ನೆಯ ಶತಮಾನದಲ್ಲೇ ಇಂಥ ಜಾಯಿಂಟನ್ನು ಅಧ್ಯಯನ ಮಾಡಿದ್ದ. ಅದು ಓರೆಯಾಗಿ ತಿರುಗುವಾಗ ವೇಗ ಪ್ರತಿ ಸುತ್ತಿಗೆ ಎರಡು ಬಾರಿ ಏರಿಳಿಯುತ್ತದೆ. ಎರಡನೆಯ ಜಾಯಿಂಟು ಅದನ್ನು ಸರಿದೂಗಿಸುತ್ತದೆ. ಆದ್ದರಿಂದ ಶಾಫ್ಟ್ ಬಿಚ್ಚುವ ಮೊದಲು ಗುರುತು ಹಾಕಿ, ಗುರುತಿಗೆ ಸರಿಯಾಗಿಯೇ ಮತ್ತೆ ಜೋಡಿಸಬೇಕು. ಹೊರೆ ತುಂಬಿದಾಗ ಪಟ್ಟಿಗಳು ಕುಗ್ಗಿ ಶಾಫ್ಟಿನ ಓರೆ ಬದಲಾಗುವುದರಿಂದ, ಖಾಲಿ ಗಾಡಿಯನ್ನೂ ತುಂಬಿದ ಗಾಡಿಯನ್ನೂ ಪರೀಕ್ಷಿಸಬೇಕು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲ ನೋಡಿ, ಮುಂದುವರಿಯಿರಿ. ನಿಮ್ಮ ಪ್ರಯೋಗಾಲಯದ ಕ್ರಮವೂ ಇದೇ ಅಲ್ಲವೆ? ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಹಣ ಹೋಗುತ್ತದೆ, ಕಾರಣ ತಿಳಿಯುವುದಿಲ್ಲ. ಆದರೆ ನಟ್ಟು ಸಡಿಲವಾಗಿದ್ದರೆ, ಟೈರು ಉಬ್ಬಿದ್ದರೆ, "ಮಾರ್ಕೆಟ್ಟಿಗೆ ಹೋಗಿ ಬಂದು ನೋಡೋಣ" ಎನ್ನುವವರನ್ನು ಅಲ್ಲಿಯೇ ತಡೆಯಿರಿ. ಫಸಲು ನಾಳೆಯೂ ಮಾರಾಟವಾದೀತು. ಹೋದ ಜೀವ ಬಾರದು.