ಸೋತ ಹೃದಯಕ್ಕೆ ನಿತ್ಯದ ಆರೈಕೆ



ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಯ ನಿವಾಸಿಗಳಲ್ಲಿ ಅನೇಕರಿಗೆ ರೈಲು ನಿಲ್ದಾಣದ ಮೇಲ್ಸೇತುವೆಯನ್ನು ಹತ್ತಿ ಇಳಿಯುವುದು ದಿನನಿತ್ಯದ ಕೆಲಸ. ಮೊದಲು ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲುಗಳಲ್ಲಿ ಈಗ ಏದುಸಿರು ಬಂದರೆ, ವಯಸ್ಸಾಯಿತೆಂದು ಸುಮ್ಮನಾಗುವವರುಂಟು. ಆದರೆ ಅದು ಹೃದಯ ವೈಫಲ್ಯದ ಮುನ್ಸೂಚನೆಯೂ ಆಗಿರಬಹುದು.

ಹೃದಯ ವೈಫಲ್ಯವೆಂದರೆ ಹೃದಯವು ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪೂರೈಸಲು ಅದು ಅಸಮರ್ಥವಾಗುವುದು. ಹಿಂದೆ ಆದ ಹೃದಯಾಘಾತ, ಬಹುಕಾಲದ ಅಧಿಕ ರಕ್ತದೊತ್ತಡ, ಮಧುಮೇಹ ಹಾಗೂ ಕವಾಟಗಳ ದೋಷ ಇದರ ಮುಖ್ಯ ಕಾರಣಗಳು. ರಕ್ತದ ಪೂರೈಕೆ ಕುಗ್ಗಿದಾಗ ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹಿಡಿದಿಡುತ್ತವೆ. ಆ ನೀರು ಶ್ವಾಸಕೋಶಗಳಲ್ಲಿ ತುಂಬಿದರೆ ಮಲಗಿದಾಗ ಉಸಿರು ಕಟ್ಟುತ್ತದೆ. ಪಾದಗಳಿಗೆ ಇಳಿದರೆ ಬಾವು ಕಾಣಿಸಿಕೊಳ್ಳುತ್ತದೆ. ಇ.ಸಿ.ಜಿ. ಮತ್ತು ಎಕೋ ಪರೀಕ್ಷೆಗಳಿಂದ ವೈದ್ಯರು ರೋಗದ ಸ್ವರೂಪವನ್ನು ತಿಳಿಯುತ್ತಾರೆ.

ಮೂತ್ರವನ್ನು ಹೆಚ್ಚಿಸುವ ಮಾತ್ರೆಗಳು ನೀರನ್ನು ಹೊರಹಾಕಿ ಬೇಗನೆ ಉಪಶಮನ ನೀಡುತ್ತವೆ. ಹೃದಯದ ಸಂಕೋಚನ ಶಕ್ತಿ ಕುಂದಿದವರಲ್ಲಿ ಆಯುಸ್ಸನ್ನು ಹೆಚ್ಚಿಸುವ ನಾಲ್ಕು ವರ್ಗದ ಔಷಧಿಗಳೂ ಇಂದು ಲಭ್ಯವಿವೆ. ಉಸಿರಾಟ ಸರಾಗವಾಯಿತೆಂದು ಇವನ್ನು ನಿಲ್ಲಿಸುವುದೇ ದೊಡ್ಡ ಅಪಾಯ. ಆ ನೆಮ್ಮದಿ ಬಹುಮಟ್ಟಿಗೆ ಔಷಧಿಯಿಂದಲೇ ಬಂದುದು. ಬೇಸಿಗೆ ರಜೆಯಲ್ಲಿ ಊರಿಗೆ ಹೊರಡುವಾಗ, ಹಿಂತಿರುಗುವವರೆಗೆ ಸಾಲುವಷ್ಟು ಮಾತ್ರೆಗಳನ್ನೂ ವೈದ್ಯರ ಚೀಟಿಯನ್ನೂ ಜೊತೆಗಿರಿಸಿಕೊಳ್ಳಬೇಕು. ಮಂಡಿನೋವಿಗೆಂದು ಡೈಕ್ಲೋಫಿನಾಕ್, ಐಬುಪ್ರೊಫೆನ್‌ಗಳಂತಹ ನೋವಿನ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು. ಅವು ದೇಹದಲ್ಲಿ ಉಪ್ಪು ಮತ್ತು ನೀರು ಉಳಿಯುವಂತೆ ಮಾಡುತ್ತವೆ.

ರೋಗಿಯು ಪ್ರತಿದಿನ ಬೆಳಿಗ್ಗೆ ಮೂತ್ರವಿಸರ್ಜನೆಯ ನಂತರ, ಉಪಾಹಾರಕ್ಕೆ ಮುನ್ನ, ಒಂದೇ ತೂಕದ ಯಂತ್ರದಲ್ಲಿ ತೂಕ ನೋಡಿ ಬರೆದಿಡಬೇಕು. 3 ದಿನಗಳಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಉಸಿರು ಕಟ್ಟುವವರೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು. ಇಡೀ ದಿನದ ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚವನ್ನು ಮೀರದಿರಲಿ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸು, ಫರಸಾಣ, ವಡಾಪಾವ್ ಇವುಗಳಲ್ಲಿ ಅಡಗಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಕುಡಿಯುವ ನೀರಿನ ಪ್ರಮಾಣವನ್ನು ವೈದ್ಯರೇ ನಿರ್ಧರಿಸಲಿ. ಧೂಮಪಾನ ಸಂಪೂರ್ಣ ವರ್ಜ್ಯ. ಉಸಿರಾಟ ಹತೋಟಿಯಲ್ಲಿರುವಾಗ ಮಿತವಾದ ನಡಿಗೆ ಹಿತಕರ.

ಕುಳಿತಲ್ಲೇ ಉಸಿರು ಸಿಕ್ಕಿಕೊಂಡರೆ, ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ಅಥವಾ ಗುಲಾಬಿ ಬಣ್ಣದ ನೊರೆಕಫ ಕಂಡರೆ ಕೂಡಲೇ 108ಕ್ಕೆ ಕರೆಮಾಡಬೇಕು. ಕಳವಾದ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ, ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆ, ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆ ಹಾಗೂ ವಾಶಿಯ ಮಹಾನಗರಪಾಲಿಕೆ ಆಸ್ಪತ್ರೆಗಳು ಈ ಭಾಗದ ಸಾರ್ವಜನಿಕ ಆಸ್ಪತ್ರೆಗಳು.

ಈ ಆರೈಕೆಯು ರೋಗಿಯೊಬ್ಬನ ಹೊಣೆಯಲ್ಲ. ದುಡಿಯುವವರು ಬೆಳಗಿನ ಗಾಡಿ ಹಿಡಿಯಲು ಹೊರಡುವ ಮುನ್ನ ಮನೆಯ ಹಿರಿಯರ ತೂಕವನ್ನು ಒಮ್ಮೆ ನೋಡಿ ಬರೆದಿಟ್ಟರೆ, ಎಷ್ಟೋ ಸಲ ಆಸ್ಪತ್ರೆ ಸೇರುವ ಸಂಕಟವನ್ನು ತಪ್ಪಿಸಬಹುದು.