ಹಾಲಿನಿಂದಲೇ ಹಾಲಿನ ಪದಾರ್ಥಕ್ಕೆ ಕಾವಲು

(ಅಕ್ಕಿಹೆಬ್ಬಾಳಿನಲ್ಲಿ ಹಾಲು ಉತ್ಪಾದಕ ಸದಸ್ಯರ ಮುಂದೆ ಮಾಡಿದ ಭಾಷಣ)



ಕಾಯಿಸಿದ ಹಾಲು ಆರಿದಾಗ ಮೇಲೆ ಕೆನೆ ಕಟ್ಟುವುದನ್ನು ತಾವೆಲ್ಲರೂ ಬಲ್ಲಿರಿ. ಅದು ಬರೀ ಕೊಬ್ಬಲ್ಲ. ಹಾಲಿನ ಪ್ರೋಟೀನೂ ಸೇರಿ ಪೊರೆಯಾಗಿರುತ್ತದೆ. ಈ ಗುಣವನ್ನೇ ಬಳಸಿಕೊಂಡು ವಿಜ್ಞಾನಿಗಳು ತಿನ್ನಬಹುದಾದ ತೆಳು ಹಾಳೆ ತಯಾರಿಸಿದ್ದಾರೆ. ಬೇಗ ಕೆಡುವ ಪನ್ನೀರು, ಚೀಸ್, ಹಣ್ಣುಗಳಿಗೆ ಇದನ್ನು ಹೊದಿಸಿದರೆ ಗಾಳಿ ತಾಗುವುದು ತಗ್ಗುತ್ತದೆ. ಸುಲಿದು ಎಸೆಯಬೇಕಾಗಿಲ್ಲ, ಪದಾರ್ಥದ ಜೊತೆಗೇ ತಿನ್ನಬಹುದು.

ಚೀಸ್ ಮಾಡುವಾಗ 100 ಲೀಟರ್ ಹಾಲಿಗೆ 80ರಿಂದ 90 ಲೀಟರ್ ತಿಳಿನೀರು ಉಳಿಯುತ್ತದೆ. ಹಾಲಿನ ಪ್ರೋಟೀನಿನಲ್ಲಿ ಸುಮಾರು ಐದನೇ ಒಂದು ಪಾಲು ಅದರಲ್ಲೇ ಇರುತ್ತದೆ. ಆ ಪ್ರೋಟೀನನ್ನು ಬೇರ್ಪಡಿಸಿ, ನೀರಿನಲ್ಲಿ ಕರಗಿಸಿ, ಸುಮಾರು 90 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಗ್ಲಿಸರಿನ್ ಬೆರೆಸಿ, ತೆಳುವಾಗಿ ಹರಡಿ ಒಣಗಿಸಿದರೆ ಹಾಳೆ ಸಿದ್ಧ. ಗ್ಲಿಸರಿನ್ ಇಲ್ಲದಿದ್ದರೆ ಅದು ಹಪ್ಪಳದಂತೆ ಮುರಿಯುತ್ತದೆ.

ಹಾಳೆಗೆ ಕ್ರಿಮಿ ತಡೆಯುವ ಶಕ್ತಿ ಬರಲು ಲವಂಗ ಅಥವಾ ಚಕ್ಕೆಯ ಎಣ್ಣೆ, ಇಲ್ಲವೇ ನಿಸಿನ್ ಸೇರಿಸುತ್ತಾರೆ. ಹಾಲನ್ನು ಹುಳಿಯಾಗಿಸುವ ಒಂದು ಬಗೆಯ ಸೂಕ್ಷ್ಮಾಣುಜೀವಿಯೇ ನಿಸಿನ್ನನ್ನು ತಯಾರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ 1969ರಲ್ಲೇ ಇದನ್ನು ಆಹಾರದಲ್ಲಿ ಬಳಸಬಹುದೆಂದು ಒಪ್ಪಿತು.

ಇಂಥ ಕೆಲಸ ನಮ್ಮ ನೆರೆಯಲ್ಲೇ ನಡೆದಿದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಕೈಟೋಸಾನ್ ಎಂಬ ನೈಸರ್ಗಿಕ ವಸ್ತುವಿನ ಹಾಳೆಯಲ್ಲಿ ಮಾವಿನ ಹಣ್ಣನ್ನು ಇಟ್ಟು ಪರೀಕ್ಷಿಸಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಿಗಡಿ ಚಿಪ್ಪಿನಿಂದಲೂ ಕೈಟೋಸಾನ್ ತೆಗೆಯುತ್ತಾರೆ. ಹಾಲಿನ ಪ್ರೋಟೀನಿನ ಹಾಳೆ ಸಸ್ಯಾಹಾರಿಗಳಿಗೂ ಒಪ್ಪಿಗೆಯಾಗುತ್ತದೆ.

ಆದರೆ ಬಂಧುಗಳೇ, ಹಾಳೆ ಕಾಯುತ್ತದೆ, ಹಾಲು ಹೇಗಿದ್ದರೂ ನಡೆಯುತ್ತದೆ ಎಂದು ಯಾರೂ ಭಾವಿಸಬಾರದು. ಸಗಣಿಯಿಂದ ಹಾಲಿಗೆ ಸೇರುವ ಕೋಲಿಫಾರಂ ಕ್ರಿಮಿಗಳ ಮೇಲೆ ನಿಸಿನ್ ಒಂದರಿಂದಲೇ ಹೆಚ್ಚು ಪರಿಣಾಮವಾಗದು. ಅವನ್ನು ತಡೆಯಬೇಕಾದದ್ದು ಕೊಟ್ಟಿಗೆಯಲ್ಲಿ. ಕೆಚ್ಚಲು ತೊಳೆದು ಒರೆಸಿ, ಶುದ್ಧ ಪಾತ್ರೆಯಲ್ಲಿ ಕರೆದು, ಹಾಲನ್ನು ತಡಮಾಡದೆ ಶೀತಲೀಕರಣ ಕೇಂದ್ರಕ್ಕೆ ಮುಟ್ಟಿಸಬೇಕು. ಅಲ್ಲಿ 4 ಡಿಗ್ರಿಗೆ ತಂಪಾದ ಹಾಲಿನಲ್ಲಿ ಕ್ರಿಮಿಗಳ ಬೆಳವಣಿಗೆ ಬಹಳ ನಿಧಾನವಾಗುತ್ತದೆ.

ಇನ್ನೊಂದು ಮಾತು. ಕೆಚ್ಚಲು ಬಾವಿಗೆ ಆಂಟಿಬಯೋಟಿಕ್ ಕೊಡಿಸಿದ ಹಸುವಿನ ಹಾಲನ್ನು ಡೇರಿಗೆ ಹಾಕಬೇಡಿ. ಔಷಧಿಯ ಚೀಟಿಯಲ್ಲಿ ಎಷ್ಟು ದಿನ ಹಾಲು ಬಳಸಬಾರದೆಂದು ಬರೆದಿರುತ್ತದೆ. ಪಶುವೈದ್ಯರನ್ನು ಕೇಳಿ ಅಷ್ಟು ದಿನ ಬೇರೆ ಇಡಿ. ಅವಧಿ ನಿಗದಿಯಾಗದ ಔಷಧಿಗೆ 2012ರ ನಿಯಮದ ಪ್ರಕಾರ ಕನಿಷ್ಠ 7 ದಿನ. ಔಷಧಿಯ ಅಂಶ ಉಳಿದ ಹಾಲಿನಲ್ಲಿ ಹೆಪ್ಪು ಸರಿಯಾಗಿ ಕೂರುವುದಿಲ್ಲ, ಚೀಸ್ ಆಗುವುದಿಲ್ಲ, ಕುಡಿಯುವ ಮಕ್ಕಳಿಗೂ ಒಳ್ಳೆಯದಲ್ಲ. ನಾಲ್ಕು ಲೀಟರಿನ ನಷ್ಟ ತಪ್ಪಿಸಲು ಹೋಗಿ ಇಡೀ ಊರಿನ ಟ್ಯಾಂಕಿನ ಹಾಲನ್ನು ಕೆಡಿಸಬಾರದು.

ಹಾಳೆ ಹೊದಿಕೆ ಮಾತ್ರ. ಒಳಗಿನ ಹಾಲಿನ ಗುಣ ನಮ್ಮ ಕೈಯಲ್ಲಿದೆ.