ಸೂರ್ಯನ ಮಗ್ಗುಲಲ್ಲಿ ಸುತ್ತುವ ಕಲ್ಲುಗಳು
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕೆಲವು ದಿನಗಳ ಹಿಂದೆ ನಾವು ಎಂಟನೆಯ ತರಗತಿಯಲ್ಲಿ ಗ್ರಹಮಂಡಲದ ಪಾಠವನ್ನು ಹೇಳುತ್ತಿದ್ದೆವು. ಬುಧನಿಗಿಂತಲೂ ಸೂರ್ಯನ ಸಮೀಪಕ್ಕೆ ಹೋಗಿ ಬರುವ ಕಲ್ಲುಗಳುಂಟೆಂದು ಮಾತಿನ ನಡುವೆ ಹೇಳಿದಾಗ ಹಿಂದಿನ ಸಾಲಿನ ಬಾಲಕನೊಬ್ಬನು ಎದ್ದು ನಿಂತು, "ಸಾರ್, ಅಷ್ಟು ಹತ್ತಿರ ಹೋದರೆ ಅವು ಸುಟ್ಟುಹೋಗುವುದಿಲ್ಲವೆ? ಸುಟ್ಟುಹೋಗದಿದ್ದರೆ ನಮಗೇಕೆ ಕಾಣುವುದಿಲ್ಲ?" ಎಂದು ಕೇಳಿದನು. ಅಷ್ಟರಲ್ಲಿ ಗಂಟೆ ಬಾರಿಸಿತು, ಉತ್ತರ ಉಳಿದುಹೋಯಿತು. ಆ ಸಾಲವನ್ನು ಇಂದು ತಮ್ಮೆಲ್ಲರ ಸಮ್ಮುಖದಲ್ಲಿ ತೀರಿಸಬೇಕೆಂದಿದ್ದೇವೆ.

ಈ ಕಲ್ಲುಗಳಿಗೆ ಕ್ಷುದ್ರಗ್ರಹಗಳೆಂದು ಹೆಸರು. ೧೮೦೧ನೆಯ ಇಸವಿಯ ಜನವರಿ ೧ರ ರಾತ್ರಿ ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ ಪಿಯಾಜಿ ಎಂಬ ಖಗೋಲಜ್ಞನು ಇವುಗಳಲ್ಲಿ ಮೊದಲನೆಯದಾದ ಸಿರಿಸ್ ಅನ್ನು ಕಂಡನು. ಇವುಗಳ ಬಹುಭಾಗವು ಮಂಗಳ ಮತ್ತು ಗುರುಗಳ ನಡುವಣ ಬಯಲಿನಲ್ಲಿ, ನಮ್ಮಿಂದ ದೂರವಾಗಿ, ತಮ್ಮ ಪಾಡಿಗೆ ತಾವು ಸುತ್ತುತ್ತವೆ. ಆದರೆ ಮಂದೆಯನ್ನು ಬಿಟ್ಟು ಅಲೆಯುವ ದನಗಳಿರುವಂತೆ ಇವುಗಳಲ್ಲಿಯೂ ಕೆಲವು ದಾರಿ ತಪ್ಪಿ ಒಳಕ್ಕೆ ನುಗ್ಗಿವೆ. ಗುರುವಿನಂತಹ ದೊಡ್ಡ ಗ್ರಹಗಳ ಸೆಳೆತವೇ ಅದಕ್ಕೆ ಮುಖ್ಯ ಕಾರಣ.

ಅಂತಹುದೊಂದನ್ನು ೧೯೪೯ರ ಜೂನ್ ತಿಂಗಳಲ್ಲಿ ಅಮೆರಿಕದ ಪಾಲೊಮಾರ್ ಬೆಟ್ಟದ ವೀಕ್ಷಣಾಲಯದಲ್ಲಿ ವಾಲ್ಟರ್ ಬಾಡೆ ಎಂಬ ವಿದ್ವಾಂಸರು ಕಂಡುಹಿಡಿದರು. ಭೂಮಿಯು ಸೂರ್ಯನಿಂದ ಸುಮಾರು ೧೫ ಕೋಟಿ ಕಿಲೋಮೀಟರು ದೂರದಲ್ಲಿದೆ. ಬುಧನ ಸರಾಸರಿ ದೂರ ೫ ಕೋಟಿ ೮೦ ಲಕ್ಷ. ಈ ಕಲ್ಲಾದರೋ ೨ ಕೋಟಿ ೮೦ ಲಕ್ಷ ಕಿಲೋಮೀಟರಿನಷ್ಟು ಸಮೀಪಕ್ಕೆ ಹೋಗಿ, ಅಲ್ಲಿಂದ ಹಿಂದಿರುಗಿ, ಮಂಗಳನ ದಾರಿಯನ್ನೂ ದಾಟಿ ಹೊರಗೆ ಹೋಗುತ್ತದೆ. ಇದಕ್ಕೆ ಇಕಾರಸ್ ಎಂದು ಹೆಸರಿಟ್ಟರು. ಗ್ರೀಕರ ಕಥೆಯಲ್ಲಿ ಮೇಣದಿಂದ ಅಂಟಿಸಿದ ರೆಕ್ಕೆಗಳನ್ನು ಕಟ್ಟಿಕೊಂಡು ಸೂರ್ಯನ ಬಳಿಗೆ ಹಾರಿ, ಮೇಣ ಕರಗಿ, ಕಡಲಿಗೆ ಬಿದ್ದ ಬಾಲಕನ ಹೆಸರಿದು. ನಮ್ಮ ಮಕ್ಕಳಿಗೆ ಸಂಪಾತಿಯ ಕಥೆ ತಿಳಿದೇ ಇದೆ. ಅರುಣನ ಮಕ್ಕಳಾದ ಸಂಪಾತಿ ಜಟಾಯುಗಳು ಸೂರ್ಯನತ್ತ ಹಾರಿದಾಗ, ಬಳಲಿದ ತಮ್ಮನನ್ನು ಮುಚ್ಚಿ ಕಾಯಲು ಹೋಗಿ ಅಣ್ಣನು ತನ್ನ ರೆಕ್ಕೆಗಳನ್ನೇ ಸುಟ್ಟುಕೊಂಡನು. ಆದರೆ ಈ ಇಕಾರಸ್ ಬೀಳಲಿಲ್ಲ. ೪೦೯ ದಿನಗಳಿಗೊಮ್ಮೆ ಸೂರ್ಯನನ್ನು ಸುತ್ತಿ ಬರುತ್ತಲೇ ಇದೆ. ೧೯೬೮ರ ಜೂನ್ ತಿಂಗಳಲ್ಲಿ ನಮ್ಮ ಭೂಮಿಯಿಂದ ಸುಮಾರು ೬೪ ಲಕ್ಷ ಕಿಲೋಮೀಟರು ದೂರದಲ್ಲಿ ಹಾದುಹೋದಾಗ ರೇಡಾರ್ ಅಲೆಗಳನ್ನು ಕಳುಹಿಸಿ ಇದನ್ನು ಪರೀಕ್ಷಿಸಿದರು.

ಹಾಗಾದರೆ ಅದು ಏಕೆ ಸುಟ್ಟುಹೋಗುವುದಿಲ್ಲ? ಕಲ್ಲು ಕರಗಬೇಕಾದರೆ ಸಾಮಾನ್ಯವಾಗಿ ಸಾವಿರ ಡಿಗ್ರಿಯ ಆಸುಪಾಸಿನ ಇಲ್ಲವೆ ಅದಕ್ಕೂ ಮಿಕ್ಕ ಶಾಖ ಬೇಕು. ಮೇಲಾಗಿ ಸೂರ್ಯನ ಬಳಿ ಸಾರಿದಂತೆಲ್ಲ ಅದರ ಓಟ ಹೆಚ್ಚುತ್ತದೆ. ತೀರ ಸಮೀಪದಲ್ಲಿ ಇಕಾರಸ್ ಸೆಕೆಂಡಿಗೆ ತೊಂಬತ್ತಕ್ಕೂ ಹೆಚ್ಚು ಕಿಲೋಮೀಟರು ವೇಗದಿಂದ ಧಾವಿಸುತ್ತದೆ. ಆದುದರಿಂದ ಅದು ಬೇಗೆಯಲ್ಲಿ ಬಹುಕಾಲ ನಿಲ್ಲುವುದಿಲ್ಲ. ಕೆಂಡದಲ್ಲಿಟ್ಟ ಗೆಣಸನ್ನು ಬೇಗನೆ ಹೊರಗೆಳೆದರೆ ಸಿಪ್ಪೆ ಕರಕಾದರೂ ಒಳಗು ಹಸಿಯಾಗಿಯೇ ಇರುವುದನ್ನು ನೀವು ಕಂಡಿದ್ದೀರಿ. ಇದೂ ಹಾಗೆಯೇ.

ಆದರೆ ಪೆಟ್ಟು ತಗಲುವುದೇ ಇಲ್ಲವೆಂದಲ್ಲ. ೧೯೮೩ರಲ್ಲಿ ಸೈಮನ್ ಗ್ರೀನ್ ಮತ್ತು ಜಾನ್ ಡೇವಿಸ್ ಎಂಬವರು, ಶಾಖವನ್ನು ಗುರುತಿಸಬಲ್ಲ ಕೃತಕ ಉಪಗ್ರಹವೊಂದು ಕಳುಹಿಸಿದ ಚಿತ್ರಗಳಲ್ಲಿ ಫೇಥಾನ್ ಎಂಬ ಕ್ಷುದ್ರಗ್ರಹವನ್ನು ಕಂಡರು. ಇದರ ಅಡ್ಡಳತೆ ಐದಾರು ಕಿಲೋಮೀಟರು. ಸೂರ್ಯನಿಗೆ ಸುಮಾರು ೨ ಕೋಟಿ ೧೦ ಲಕ್ಷ ಕಿಲೋಮೀಟರು ಸಮೀಪಕ್ಕೆ ಇದು ಹೋಗುತ್ತದೆ. ಆ ಬೇಗೆಗೆ ಇದರ ಕಲ್ಲಿನೊಳಗಿನ ಸೋಡಿಯಮ್ ಆವಿಯಾಗಿ ಹೊರಸೂಸಿ ಬಾಲದಂತೆ ಕಾಣುವುದೆಂದು ೨೦೨೩ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು. ಈ ಫೇಥಾನಿನಿಂದ ಎಂದೋ ಸಿಡಿದ ಕಣಗಳು ಅದರ ದಾರಿಯ ಉದ್ದಕ್ಕೂ ಹರಡಿಕೊಂಡಿವೆ. ನಮ್ಮ ಭೂಮಿಯು ವರ್ಷಕ್ಕೊಮ್ಮೆ ಡಿಸೆಂಬರ್ ತಿಂಗಳಲ್ಲಿ ಆ ಧೂಳಿನ ಹೊಳೆಯನ್ನು ಹಾಯುತ್ತದೆ. ಆಗ ಒಂದೊಂದು ಕಣವೂ ನಮ್ಮ ವಾಯುಮಂಡಲದಲ್ಲಿ ಉರಿದು ಉಲ್ಕೆಯಾಗುತ್ತದೆ. ಅರ್ಥಾತ್, ಸೂರ್ಯನ ಮಗ್ಗುಲಿಗೆ ಹೋಗಿ ಬರುವ ಕಲ್ಲಿನ ಚೂರುಗಳನ್ನು ನಾವು ನಮ್ಮ ಮನೆಯ ಅಂಗಳದಿಂದಲೇ ನೋಡಬಹುದು.

ಇನ್ನು ಎರಡನೆಯ ಪ್ರಶ್ನೆ: ಇವು ಕಣ್ಣಿಗೆ ಏಕೆ ಸಿಕ್ಕುವುದಿಲ್ಲ? ನಮ್ಮ ರೈತ ಬಂಧುಗಳು ಬೆಳ್ಳಿ ಮೂಡುವುದನ್ನು ನೋಡಿ ನೇಗಿಲು ಹೂಡುತ್ತಿದ್ದುದುಂಟು. ಬೆಳ್ಳಿಯೆಂದರೆ ಶುಕ್ರಗ್ರಹ. ಅದನ್ನು ನಡುರಾತ್ರಿ ನೆತ್ತಿಯ ಮೇಲೆ ಕಂಡವರು ಯಾರಾದರೂ ಇದ್ದಾರೆಯೆ? ಇಲ್ಲ. ಶುಕ್ರನ ದಾರಿ ನಮ್ಮ ದಾರಿಯ ಒಳಗಡೆಗಿದೆ. ಆದುದರಿಂದ ಅವನು ಸೂರ್ಯನ ಆಸುಪಾಸಿನಲ್ಲಿಯೇ, ನಸುಕಿನಲ್ಲಿಯೋ ಮುಸ್ಸಂಜೆಯಲ್ಲಿಯೋ ಕಾಣಿಸಿಕೊಳ್ಳಬೇಕು. ಭೂಮಿಯ ದಾರಿಯೊಳಗೇ ಸುತ್ತುವ ಕ್ಷುದ್ರಗ್ರಹಗಳ ಪಾಡೂ ಇದೇ. ಶುಕ್ರನಾದರೋ ಬೆಳಗುವ ಗ್ರಹ; ಇವು ಕಪ್ಪು ಬಂಡೆಗಳು. ಹಗಲಿನಲ್ಲಿ ಸೂರ್ಯನ ಪ್ರಖರತೆಯಲ್ಲಿ ಮುಳುಗಿರುತ್ತವೆ, ರಾತ್ರಿ ಸೂರ್ಯನೊಡನೆಯೇ ಅಸ್ತವಾಗಿರುತ್ತವೆ. ಉಳಿದುದು ಎರಡು ಸಂಧ್ಯಾಕಾಲಗಳು ಮಾತ್ರ. ಆಗಲೂ ದೊರೆಯುವ ಸಮಯ ಹತ್ತಾರು ನಿಮಿಷ.

ಆ ಹತ್ತಾರು ನಿಮಿಷಗಳನ್ನು ಬಿಡದೆ ಹಿಡಿದವರಿಗೆ ಫಲ ದೊರೆಯಿತು. ಭೂಮಿಯ ದಾರಿಯೊಳಗೇ ಪೂರ್ತಿಯಾಗಿ ಸುತ್ತುವುದೆಂದು ಖಚಿತವಾದ ಮೊದಲನೆಯ ಕ್ಷುದ್ರಗ್ರಹವಾದ ಅತೀರಾ ೨೦೦೩ರಲ್ಲಿ ಸಿಕ್ಕಿತು. ಶುಕ್ರನ ದಾರಿಗೂ ಒಳಗಾಗಿ ಸುತ್ತುವ ಒಂದನ್ನು ೨೦೨೦ರ ಜನವರಿಯಲ್ಲಿ ಅದೇ ಪಾಲೊಮಾರ್ ಬೆಟ್ಟದಿಂದ ಕಂಡರು. ಇದಕ್ಕೆ ಆ ಬೆಟ್ಟದ ಸೀಮೆಯ ಮೂಲನಿವಾಸಿಗಳ ನುಡಿಯಿಂದ 'ಶುಕ್ರನ ಹುಡುಗಿ' ಎಂಬ ಅರ್ಥದ ಹೆಸರನ್ನು ಆರಿಸಿದರು. ಕೆಲವೇ ಜನರು ಬಲ್ಲ ನುಡಿಯ ಮಾತೊಂದು ಹೀಗೆ ಆಕಾಶದಲ್ಲಿ ನೆಲೆಯಾಯಿತೆಂಬುದು ನಮಗೆ ಸಂತೋಷದ ಸಂಗತಿ. ೨೦೨೧ರ ಆಗಸ್ಟಿನಲ್ಲಿ ಸ್ಕಾಟ್ ಶೆಪರ್ಡ್ ಎಂಬವರು ಚಿಲಿ ದೇಶದ ದೊಡ್ಡ ದೂರದರ್ಶಕದಿಂದ ತೆಗೆದ ಮುಸ್ಸಂಜೆಯ ಚಿತ್ರಗಳಲ್ಲಿ ಇನ್ನೊಂದನ್ನು ಕಂಡರು. ಅದು ೧೧೩ ದಿನಗಳಲ್ಲಿ ಸೂರ್ಯನನ್ನು ಸುತ್ತುತ್ತದೆ. ಸುಮಾರು ೨ ಕೋಟಿ ಕಿಲೋಮೀಟರು ಸಮೀಪಕ್ಕೆ ಹೋದಾಗ ಅದರ ಮೇಲ್ಮೈ ಸೀಸವೂ ಕರಗುವಷ್ಟು, ಎಂದರೆ ೫೦೦ ಡಿಗ್ರಿಯ ಆಸುಪಾಸು, ಕಾಯುತ್ತದೆಂದು ಲೆಕ್ಕ ಹಾಕಿದ್ದಾರೆ.

ಇಷ್ಟು ಕಷ್ಟಪಟ್ಟು ಹುಡುಕುವುದರಿಂದ ಪ್ರಯೋಜನವೇನೆಂದು ಪೋಷಕರಲ್ಲಿ ಯಾರಾದರೂ ಕೇಳಬಹುದು. ೨೦೧೩ರ ಫೆಬ್ರವರಿ ೧೫ರ ಬೆಳಗ್ಗೆ ರಷ್ಯಾ ದೇಶದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಸುಮಾರು ಇಪ್ಪತ್ತು ಮೀಟರು ಅಗಲದ ಕಲ್ಲೊಂದು ಆಕಾಶದಲ್ಲಿಯೇ ಸಿಡಿಯಿತು. ಅದು ಸೂರ್ಯನ ದಿಕ್ಕಿನಿಂದ ಬಂದುದರಿಂದ ಯಾವ ದೂರದರ್ಶಕವೂ ಅದನ್ನು ಮುಂಚಿತವಾಗಿ ಕಾಣಲಿಲ್ಲ. ಬೆಳಕು ಮಿಂಚಿದೊಡನೆ ಜನರು ಕಿಟಕಿಗಳ ಬಳಿಗೆ ಓಡಿದರು. ಸ್ವಲ್ಪ ಹೊತ್ತಿನ ಮೇಲೆ ಗಾಳಿಯ ಹೊಡೆತ ಬಂದು ಗಾಜುಗಳೆಲ್ಲ ಪುಡಿಯಾದುವು. ಸುಮಾರು ೧೫೦೦ ಮಂದಿಗೆ ಚಿಕಿತ್ಸೆ ಬೇಕಾಯಿತು. ಅಲ್ಲಿಯ ಶಾಲೆಯೊಂದರ ಶಿಕ್ಷಕಿ ಮಾತ್ರ ಆ ಬೆಳಕನ್ನು ಕಂಡ ಕೂಡಲೆ ತಮ್ಮ ತರಗತಿಯ ಮಕ್ಕಳನ್ನೆಲ್ಲ ಮೇಜುಗಳ ಕೆಳಗೆ ಅಡಗಿಸಿದರು. ಅವರಿಗೆ ಗಾಜು ತಗಲಿ ಗಾಯವಾಯಿತು. ಮಕ್ಕಳಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ. ತಮ್ಮನನ್ನು ರೆಕ್ಕೆಯಿಂದ ಮುಚ್ಚಿದ ಸಂಪಾತಿಯ ಕಥೆಯನ್ನು ಹೇಳುವಾಗ ಈ ತಾಯಿಯನ್ನೂ ನಾವು ನೆನೆಯತಕ್ಕದ್ದು.

ಇದನ್ನು ಹೇಳಿದುದು ಯಾರನ್ನೂ ಹೆದರಿಸುವುದಕ್ಕಲ್ಲ. ಅಂತಹ ಘಟನೆಗಳು ಬಹು ಅಪರೂಪ. ಆದರೆ ಬೆಳಕಿನ ಮರೆಯಿಂದ ಬರುವುದನ್ನು ಮೊದಲೇ ಕಂಡರೆ, "ಕಿಟಕಿಯಿಂದ ದೂರವಿರಿ" ಎಂಬ ಒಂದು ಮಾತನ್ನಾದರೂ ಊರಿಗೆ ತಿಳಿಸಬಹುದಷ್ಟೆ. ಅದಕ್ಕಾಗಿಯೇ ವಿಜ್ಞಾನಿಗಳು ಸಂಜೆಯ ಆ ಹತ್ತು ನಿಮಿಷಗಳನ್ನು ಕಾದು ಕುಳಿತಿರುತ್ತಾರೆ.

ಬಾಲಕರೆ, ಬಾಲಕಿಯರೆ, ಇಂದಿನ ಭಾಷಣದ ಮನೆಪಾಠವೊಂದಿದೆ. ಡಿಸೆಂಬರ್ ೧೩ ಮತ್ತು ೧೪ರ ರಾತ್ರಿ, ಧನುರ್ಮಾಸ ಹಿಡಿಯುವುದಕ್ಕೆ ಒಂದೆರಡು ದಿನ ಮೊದಲು, ಮಿಥುನ ರಾಶಿಯ ಕಡೆಯಿಂದ ಫೇಥಾನಿನ ಉಲ್ಕೆಗಳು ಸುರಿಯುತ್ತವೆ. ದೀಪಗಳನ್ನು ಆರಿಸಿ, ಅಂಗಳದಲ್ಲಿ ಚಾಪೆ ಹಾಸಿ, ಕಂಬಳಿ ಹೊದ್ದು ಮಲಗಿ ಆಕಾಶವನ್ನು ನೋಡಿರಿ. ಯಾವ ಉಪಕರಣವೂ ಬೇಡ. ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ಅರ್ಧ ಗಂಟೆಯ ತಾಳ್ಮೆ ಬೇಕು. ಹಗಲಿನಲ್ಲಿ ಮಾತ್ರ ಸೂರ್ಯನನ್ನು ಬರಿಗಣ್ಣಿನಿಂದ ಎಂದಿಗೂ ದಿಟ್ಟಿಸಬೇಡಿರಿ. ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟೆ: ಆ ಒಂದು ರಾತ್ರಿ "ಹೊತ್ತಾಯಿತು, ಒಳಗೆ ಬಾ" ಎಂದು ಮಕ್ಕಳನ್ನು ಕರೆಯದೆ, ತಾವೂ ಅವರ ಪಕ್ಕದಲ್ಲಿ ಕುಳಿತು ನೋಡಬೇಕು. ಉಲ್ಕೆ ಬಿದ್ದಾಗಲೆಲ್ಲ ಆ ಕಣವು ಎಲ್ಲಿಂದ ಬಂದಿತೆಂಬುದನ್ನು ಮಕ್ಕಳೇ ತಮಗೆ ತಿಳಿಸಲಿ.

ಪ್ರಶ್ನೆ ಕೇಳಿದ ಆ ಬಾಲಕನು ಈ ಸಭೆಯಲ್ಲಿಯೂ ಹಿಂದಿನ ಸಾಲಿನಲ್ಲಿಯೇ ಕುಳಿತಿದ್ದಾನೆ. ಅಪ್ಪಾ, ನಿನ್ನ ಸಾಲವನ್ನು ಬಲ್ಲಷ್ಟು ತೀರಿಸಿದ್ದೇವೆ. ಮುಂದಿನ ಪ್ರಶ್ನೆಯನ್ನು ಗಂಟೆ ಬಾರಿಸುವುದಕ್ಕೆ ಮೊದಲೇ ಕೇಳು.